ಹಲ್ಲಿನ ಹಿಂದೊಂದು ತೂಬು

ಗೋಡೆಯಾಚೆ ಯಾರೋ ಒಂದೇ ಸ್ವರವನ್ನು ಮತ್ತೆ ಮತ್ತೆ ಊದುತ್ತಿದ್ದರು. ಊದಿ, ನಿಲ್ಲಿಸಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಅದೇ ಸ್ವರ. ಕೆಲವು ಸಲ ಅದು ಮಾಗಿದ ಹಣ್ಣು ತೊಟ್ಟು ಕಳಚಿದ ಹಾಗೆ ಸಲೀಸಾಗಿ ಬರುತ್ತಿತ್ತು. ಕೆಲವು ಸಲ ಹೊಸ್ತಿಲು ಎಡವಿದ ಹಾಗೆ ತತ್ತರಿಸಿ, ಪಕ್ಕದ ಸ್ವರಕ್ಕೆ ಹಾರಿ, ಆಮೇಲೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ವಿಯೆನ್ನಾದ ಜನವರಿ ತಿಂಗಳು. ಅಂಗಳದ ಒಂಟಿ ಮರದ ಕೊಂಬೆಗಳ ಮೇಲೆ ಹಿಮ ಕೂತಿತ್ತು. ಬೆಳಗಿನ ಹತ್ತು ಗಂಟೆಗೂ ಮನೆಯೊಳಗೆ ದೀಪ ಬೇಕು. ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ನಾನು ಒಲೆಯ ಮುಂದೆ ನಿಂತು ಮೆಂತ್ಯ ಹುರಿಯುತ್ತಾ ಆ ಎಡವುಗಳನ್ನು ಎಣಿಸತೊಡಗಿದ್ದೆ.

ಮೂರನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತು ದಾಟಿದ, ಇನ್ನೂ ನೆಟ್ಟಗೆ ನಿಲ್ಲುವ ಹಿರಿಯರೊಬ್ಬರು. ಕೂಸು ಮಲಗುವ ಹೊತ್ತು ಯಾವುದೆಂದು ಕೇಳಿಕೊಂಡು ಹೋಗಲು ಬಂದಿದ್ದರು. ಆ ಹೊತ್ತಿನಲ್ಲಿ ಪಾಠ ಇಟ್ಟುಕೊಳ್ಳುವುದಿಲ್ಲ ಅಂದರು. ಮಗಳು ಸಮಯ ಹೇಳಿದಳು. ನಾನು, ಒಂದೇ ಸ್ವರವನ್ನು ಅಷ್ಟು ಸಲ ಯಾಕೆ ಊದಿಸುತ್ತೀರಿ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನಾನು ಸ್ವರ ಊದಿಸುತ್ತಿಲ್ಲ, ಸ್ವರದ ಶುರು ಊದಿಸುತ್ತಿದ್ದೇನೆ. ಬನ್ನಿ, ಕೂತು ನೋಡಿ" ಅಂದರು. ಹಾಗೆ ಆ ಚಳಿಗಾಲ ಪೂರ್ತಿ, ವಾರಕ್ಕೆ ಎರಡು ಸಂಜೆ, ನಾನು ಪಕ್ಕದ ಮನೆಯ ಮೂಲೆಯ ಕುರ್ಚಿಯಲ್ಲಿ ಕೂತೆ. ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ.

ಮೇಷ್ಟ್ರ ಕೋಣೆಯ ಚಾವಣಿ ಎತ್ತರ. ಎರಡು ಪದರದ ಕಿಟಕಿ, ನಡುವೆ ಚಳಿ ತಡೆಯಲು ಸುರುಳಿ ಸುತ್ತಿಟ್ಟ ದಪ್ಪ ಬಟ್ಟೆ. ಕಾಲಿಟ್ಟರೆ ಕಿರುಗುಟ್ಟುವ ಮರದ ನೆಲ. ಹಾಳೆ ಇಡುವ ಒಂದು ಸ್ಟ್ಯಾಂಡು, ಬೆನ್ನು ನೆಟ್ಟಗಿರುವ ಎರಡು ಕುರ್ಚಿ, ಕುರ್ಚಿಯ ಕಾಲ ಬಳಿ ಮಡಿಸಿಟ್ಟ ಹಳೆಯ ಟವೆಲು. ಉಸಿರಿನ ಆವಿ ತಣ್ಣನೆಯ ಹಿತ್ತಾಳೆಯೊಳಗೆ ನೀರಾಗಿ ಕೂಡುತ್ತದೆ. ಆಗಾಗ ಒಂದು ಕೊಳವೆ ಕಳಚಿ, ವಾದ್ಯವನ್ನು ತಿರುಗಿಸಿ, ಆ ನೀರನ್ನು ಟವೆಲಿನ ಮೇಲೆ ಚೆಲ್ಲಬೇಕು. ಚೆಲ್ಲದಿದ್ದರೆ ಸ್ವರದೊಳಗೆ ಗುಳುಗುಳು ಸೇರಿಕೊಳ್ಳುತ್ತದೆ.

ವಾದ್ಯ ಪಾಠಕ್ಕೆ ಬಂದ ಹುಡುಗಿಯ ತೊಡೆಯ ಮೇಲಿತ್ತು. ನಾವು ಫ್ರೆಂಚ್ ಹಾರ್ನ್ ಅನ್ನುವ ಇದನ್ನು ಜರ್ಮನ್ ಮಾತಾಡುವವರು ವಾಲ್ಡ್‌ಹಾರ್ನ್ ಅನ್ನುತ್ತಾರೆ. ಅಂದರೆ ಕಾಡಿನ ಕೊಂಬು. ಬೇಟೆಗಾರರು ಕಾಡಿನಲ್ಲಿ ಒಬ್ಬರನ್ನೊಬ್ಬರು ಕೂಗಲು ಊದುತ್ತಿದ್ದ ಕೊಂಬೇ ಇದರ ಮೂಲ. ನುಡಿಸುವವರಿಗೆ 'ಫ್ರೆಂಚ್' ಎಂಬ ವಿಶೇಷಣ ಅಷ್ಟು ಒಪ್ಪಿಗೆಯಲ್ಲ. ಬರೀ ಹಾರ್ನ್ ಅಂದರೆ ಸಾಕೆಂದು ಅವರ ಅಂತರರಾಷ್ಟ್ರೀಯ ಸಂಘ 1971ರಲ್ಲೇ ಹೇಳಿದೆ. ಸುರುಳಿಯನ್ನೆಲ್ಲ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 3.7 ಮೀಟರ್, ಎರಡಾಳುದ್ದಕ್ಕೂ ಮಿಗಿಲು. ಕೀಲಿಗಳ ಮೇಲೆ ಎಡಗೈ, ಹಿಂದಕ್ಕೆ ಬಾಯ್ದೆರೆದ ಅಗಲದ ಗಂಟೆಯೊಳಗೆ ಬಲಗೈ. ತುಟಿಗಿಡುವ ಮೌತ್‌ಪೀಸ್ ಎಣ್ಣೆ ಹೊಯ್ಯುವ ಸಣ್ಣ ಆಲಿಕೆಯಂತೆ ಆಳವಾಗಿ ಕಿರಿದಾಗುತ್ತಾ ಹೋಗುತ್ತದೆ. ಅದರ ಮೂರರಲ್ಲಿ ಎರಡು ಪಾಲು ಮೇಲ್ದುಟಿಯ ಮೇಲೆ, ಒಂದು ಪಾಲು ಕೆಳದುಟಿಯ ಮೇಲೆ ಕೂರಬೇಕು. ಬೇರೆ ಊರುಗಳಲ್ಲಿ ಎರಡು ವಾದ್ಯಗಳನ್ನು ಒಂದರಲ್ಲೇ ಹೆಣೆದ ಡಬಲ್ ಹಾರ್ನ್ ಬಳಕೆಯಲ್ಲಿದೆ. ಎರ್ಫರ್ಟ್‌ನ ಫ್ರಿಟ್ಜ್ ಕ್ರುಸ್ಪೆ 1890ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದ. ಎತ್ತರದ ಸ್ವರಗಳಿಗೆ ಅದರಲ್ಲಿ ಗಿಡ್ಡ ಕೊಳವೆಯ ಆಸರೆ ಸಿಗುತ್ತದೆ. ವಿಯೆನ್ನಾದವರು ಮಾತ್ರ ಉದ್ದದ ಒಂಟಿ ಕೊಳವೆಯ ತಮ್ಮ ಹಳೆಯ ಹಾರ್ನನ್ನು ಬಿಟ್ಟಿಲ್ಲ. ವಿಯೆನ್ನಾ ಫಿಲ್ಹಾರ್ಮೋನಿಕ್ ಇಂದಿಗೂ ಅದನ್ನೇ ನುಡಿಸುತ್ತದೆ. ಅದರ ನಾದಕ್ಕೆ ಬೆಲೆಯಾಗಿ ಅವರು ತೆರುವುದು ಆ ಎಡವುವ ಭಯವನ್ನು. ಎಡವಿದ ಸ್ವರಕ್ಕೆ ಅಲ್ಲಿ ಗಿಕ್ಸರ್ ಎಂಬ ಹೆಸರೇ ಇದೆ.

ಹುಡುಗಿಗೆ ಹನ್ನೆರಡು ವರ್ಷ. ಚಳಿಗೆ ತುಟಿ ಒಡೆದಿತ್ತು. ಪಾಠಕ್ಕೆ ಮೊದಲು ಸಣ್ಣ ಡಬ್ಬಿಯಿಂದ ಮುಲಾಮು ತೆಗೆದು ಸವರಿ, ಒರೆಸಿಕೊಂಡಳು. ಮೇಷ್ಟ್ರು ಅವಳಿಗೆ ಜರ್ಮನ್‌ನಲ್ಲಿ ಹೇಳಿದ್ದನ್ನು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ಹಾರ್ನ್ ಕೆಳಗಿಡು. ಉಸಿರು ತಗೋ. ಬಿಡು."

ಅವಳು ತೆಗೆದುಕೊಂಡು ಬಿಟ್ಟಳು. ಮೇಷ್ಟ್ರು ತಲೆಯಾಡಿಸಿದರು. ಮೇಲೆ ಹೋದ ಉಸಿರು ಕೆಳಗಿಳಿಯುವ ಮುಂಚೆ ಒಂದು ಗಳಿಗೆ ನಿಂತಿತ್ತಂತೆ. ಅಲ್ಲೇ ಕಳ್ಳ ಕೂತಿರುತ್ತಾನೆ ಅಂದರು. ತುಂಬಿಕೊಂಡ ಉಸಿರನ್ನು ಬಿಗಿಹಿಡಿದರೆ ಗಂಟಲು ಮುಚ್ಚುತ್ತದೆ, ನಾಲಿಗೆ ಹಲ್ಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಸ್ವರ ಬರಬೇಕಾದರೆ ಸಿಡಿದೇ ಬರಬೇಕು. ಉಯ್ಯಾಲೆ ತುದಿ ಮುಟ್ಟಿ ಹಿಂತಿರುಗುವಾಗ ನಿಲ್ಲುತ್ತದೆಯೇ? ಉಸಿರೂ ಹಾಗೆ ತಿರುಗಬೇಕು. ಆ ಸಂಜೆ ಮೊದಲ ಕಾಲು ಗಂಟೆ ಅವಳು ಉಸಿರು ತಿರುಗಿಸುವುದನ್ನೇ ಕಲಿತಳು.

ಆಮೇಲೆ ಹಾರ್ನ್ ಎತ್ತಿಕೊಂಡಳು. ಈಗ ನಾಲಿಗೆಯನ್ನೇ ಮುಟ್ಟಿಸದೆ ಊದಬೇಕು, ಕನ್ನಡಿಗೆ ಹಾ ಎಂದು ಆವಿ ಹಿಡಿಸುವ ಹಾಗೆ. ಮೊದಲು ಬರೀ ಗಾಳಿ ಬಂತು. ಮತ್ತೆ ಊದಿದಾಗ ಗಾಳಿಯ ಬಾಲಕ್ಕೆ ಸ್ವರ ಅಂಟಿಕೊಂಡು ಬಂತು. ಐದಾರು ಸಲ ಆದ ಮೇಲೆ ಮಂಜಿನೊಳಗಿಂದ ಆಕಾರ ಮೂಡಿದ ಹಾಗೆ, ಇಲ್ಲಿಂದ ಶುರು ಎಂದು ಬೊಟ್ಟು ಮಾಡಲಾಗದ ಹಾಗೆ, ಸ್ವರ ಬಂತು. "ನೋಡಿ, ನಾಲಿಗೆ ಇಲ್ಲದೆಯೂ ಬರುತ್ತದೆ," ಮೇಷ್ಟ್ರು ನನಗೆ ಹೇಳಿದರು, "ಸ್ವರವನ್ನು ಮಾಡುವುದು ನಾಲಿಗೆ ಅಂತ ಅವಳು ಇಷ್ಟು ದಿನ ತಿಳಿದಿದ್ದಳು." ನಾನೂ ಹಾಗೆಯೇ ತಿಳಿದಿದ್ದೆ. ಊದುವ ವಾದ್ಯದಲ್ಲಿ ನಾಲಿಗೆ ಹೊಡೆಯುತ್ತದೆ, ಮೃದಂಗದ ಮೇಲೆ ಬೆರಳು ಬಿದ್ದಂತೆ ಬೀಳುತ್ತದೆ ಎಂಬ ಚಿತ್ರ ನನ್ನ ಮನಸ್ಸಿನಲ್ಲಿತ್ತು. ಮಾತಿನಲ್ಲೂ ಹಾಗೇ ಇದೆಯಲ್ಲ, ಇಂಗ್ಲಿಷಿನಲ್ಲಿ ಸ್ವರದ ಶುರುವಿಗೆ ಅಟ್ಯಾಕ್ ಅನ್ನುತ್ತಾರೆ. ಆ ಪದ ಎಷ್ಟು ಮಕ್ಕಳ ನಾಲಿಗೆ ಕೆಡಿಸಿದೆಯೋ ಎಂದು ಮೇಷ್ಟ್ರು ನೊಂದು ಹೇಳಿದರು.

ನನ್ನ ಕಣ್ಣಿಗೆ ಬಂದದ್ದು ನಮ್ಮೂರ ಕೆರೆಯ ತೂಬು. ಏರಿಯ ಕೆಳಗೆ ಕಲ್ಲಿನ ಕಂಡಿ, ಅದಕ್ಕೊಂದು ಬಿರಡೆ. ನೀರು ಬಿಡುವವನು ಬಿರಡೆ ಮೇಲಕ್ಕೆತ್ತುತ್ತಾನೆ, ಅಷ್ಟೆ. ನೀರನ್ನು ಅವನು ತಳ್ಳುವುದಿಲ್ಲ. ಕೆರೆಯ ಭಾರ ಆ ಕಂಡಿಯ ಹಿಂದೆ ಆಗಲೇ ನಿಂತಿರುತ್ತದೆ. ಬಿರಡೆ ಎಷ್ಟು ನಯವಾಗಿ ಎದ್ದಿತೋ ನೀರು ಅಷ್ಟು ಚೊಕ್ಕವಾಗಿ ಕಾಲುವೆಗೆ ಇಳಿಯುತ್ತದೆ. ಹಾರ್ನ್ ಊದುವವರ ನಾಲಿಗೆ ತುದಿ ಮೇಲಿನ ಹಲ್ಲು ಒಸಡಿಗೆ ಸೇರುವಲ್ಲಿ ಹಗುರವಾಗಿ ಮುಟ್ಟಿಕೊಂಡಿರುವುದು ಹೀಗೆ. ಹಿಂದೆ ಉಸಿರಿನ ಭಾರ ಬಂದು ನಿಂತಾಗ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಸರಿದದ್ದೇ ಸ್ವರದ ಹುಟ್ಟು. ಮುಟ್ಟಿದ್ದರಿಂದ ಏನೂ ಆಗುವುದಿಲ್ಲ.

ಈ ಒಂದು ಕೆಲಸ ಹಾರ್ನ್‌ನಲ್ಲಿ ಯಾಕೆ ಇಷ್ಟು ಕಷ್ಟ ಎಂಬುದಕ್ಕೆ ಕಾರಣ ಆ ಉದ್ದದ ಕೊಳವೆಯಲ್ಲಿದೆ. ತುಟಿ ಅದುರಿ ಎಬ್ಬಿಸಿದ ಮೊದಲ ಅಲೆ ಕೊಳವೆಯ ತುದಿಯ ತನಕ ಹೋಗಬೇಕು, ಅಲ್ಲಿಂದ ಒಂದಷ್ಟು ಪಾಲು ಮಾರ್ದನಿಯಾಗಿ ತುಟಿಗೆ ಮರಳಬೇಕು. ಹೋಗಿ ಬರುವ ದಾರಿ ಏಳು ಮೀಟರಿಗೂ ಹೆಚ್ಚು. ಸದ್ದಿನ ವೇಗದಲ್ಲಿ ಇದಕ್ಕೆ ಹಿಡಿಯುವುದು ಒಂದು ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು. ಕೇಳಲು ಏನೂ ಅಲ್ಲ. ಆದರೆ ಸೆಕೆಂಡಿಗೆ 440 ಸಲ ಅದುರಬೇಕಾದ ಸ್ವರವಾದರೆ ಅಷ್ಟರೊಳಗೆ ತುಟಿ ಒಂಬತ್ತು ಸಲ ಅದುರಿ ಆಗಿರುತ್ತದೆ. ಆ ಒಂಬತ್ತು ಅದುರುಗಳ ಕಾಲ ವಾದ್ಯ ತುಟಿಗೆ ಯಾವ ನೆರವನ್ನೂ ಕೊಡುವುದಿಲ್ಲ. ಮಾರ್ದನಿ ಬಂದು ಕೈಹಿಡಿಯುವ ತನಕ ತುಟಿ ಕತ್ತಲಲ್ಲಿ ಒಂಟಿಯಾಗಿ ನಡೆಯಬೇಕು. ಅದರ ಮೇಲೆ ಇನ್ನೊಂದು ತೊಡಕು. ಹಾರ್ನ್‌ನ ಎತ್ತರದ ನೆಲೆಯಲ್ಲಿ, ಯಾವ ಕೀಲಿಯನ್ನೂ ಬದಲಿಸದೆ, ಬರೀ ತುಟಿಯ ಬಿಗುವಿನಿಂದ ಹೊರಡುವ ಸ್ವರಗಳು ಒಂದಕ್ಕೊಂದು ಒತ್ತಾಗಿ, ಒಂದು ಸ್ವರಸ್ಥಾನ ಎರಡು ಸ್ವರಸ್ಥಾನದ ಅಂತರದಲ್ಲಿ ಕೂತಿವೆ. ಒಂದೇ ತರಹದ ಬಾಗಿಲುಗಳ ಉದ್ದನೆಯ ಓಣಿಯಲ್ಲಿ ಕತ್ತಲೆಯಲ್ಲಿ ತಡವಿ ನಮ್ಮದೇ ಬಾಗಿಲು ತೆರೆದ ಹಾಗೆ. ತುಟಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಮನೆ. ನಾನು ಗೋಡೆಯಾಚೆಯಿಂದ ಕೇಳಿದ್ದ ಎಡವು ಇದೇ.

ಆದ್ದರಿಂದ ಊದುವ ಮೊದಲು ಸ್ವರ ಕಿವಿಯೊಳಗೆ ಕೇಳಿರಬೇಕು. ಮೇಷ್ಟ್ರು ಹುಡುಗಿಯಿಂದ ಪ್ರತಿ ಸ್ವರವನ್ನೂ ಮೊದಲು ಬಾಯಲ್ಲಿ ಹಾಡಿಸುತ್ತಿದ್ದರು. ಅವಳು ನಾಚಿ, ಮೆಲ್ಲಗೆ ಹಾಡುತ್ತಿದ್ದಳು. ಹಾಡಿದ ಮೇಲೆ ಊದಿದರೆ ಹತ್ತರಲ್ಲಿ ಒಂಬತ್ತು ಸಲ ಸ್ವರ ತನ್ನ ಮನೆಗೇ ಬರುತ್ತಿತ್ತು.

ಒಂದು ಸಂಜೆ ಅವರು ಅಕ್ಷರದ ಪಾಠಕ್ಕೆ ಬಂದರು. ಗಟ್ಟಿ ಶುರುವಿಗೆ 'ತು', ಮೆತ್ತನೆಯ ಶುರುವಿಗೆ 'ದು', ಅದಕ್ಕಿಂತಲೂ ಮೆತ್ತಗೆ ಬೇಕಾದರೆ 'ಲು'. ಎತ್ತರಕ್ಕೆ ಹೋಗುವಾಗ 'ತಿ', ತಗ್ಗಿಗೆ ಇಳಿಯುವಾಗ 'ತೋ'. ಹುಡುಗಿ 'ತು' ಅಂದಾಗ ಅವಳ ಬಾಯಿಂದ ಒಂದು ಪುಟ್ಟ ಗಾಳಿಯ ಉಂಡೆಯೂ ಹಾರುತ್ತಿತ್ತು. ಮೇಷ್ಟ್ರು ಅವಳ ಬಾಯ ಮುಂದೆ ಕಾಗದದ ಚೂರೊಂದನ್ನು ಹಿಡಿದರು. ಪ್ರತಿ 'ತು'ವಿಗೂ ಅದು ಬೆಚ್ಚಿ ಹಾರಿತು. ಆ ಗಾಳಿಯ ಉಂಡೆ ಹಾರ್ನ್‌ನೊಳಗೆ ಹೋದರೆ ಸ್ವರದ ತಲೆ ಒಡೆಯುತ್ತದೆ, ಅದನ್ನು ಬಿಡಿಸುವುದೇ ನನಗೆ ದೊಡ್ಡ ಕೆಲಸ ಅಂದರು. ಕಾಗದ ನನ್ನತ್ತ ಚಾಚಿದರು. ನಾನು ನಮ್ಮ 'ತ' ಅಂದೆ. ಕಾಗದ ಅಲುಗಲಿಲ್ಲ. 'ಥ' ಅಂದೆ. ಹಾರಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಹೇಳಿ ಅಂದರು.

ಕನ್ನಡ ಶಾಲೆಯಲ್ಲಿ ವರ್ಣಮಾಲೆ ಕಲಿತವರಿಗೆ ಬಾಯಿಯ ನಕ್ಷೆ ಗೊತ್ತಿರುತ್ತದೆ. ಗೊತ್ತಿದೆ ಎಂಬುದು ಗೊತ್ತಿರುವುದಿಲ್ಲ. ಕ ವರ್ಗ ಗಂಟಲ ಬಳಿ, ಚ ವರ್ಗ ಅಂಗುಳದಲ್ಲಿ, ನಾಲಿಗೆ ಮೇಲಕ್ಕೆ ಮಡಿಸಿದರೆ ಟ ವರ್ಗ, ಹಲ್ಲಿಗೆ ತಾಗಿದರೆ ತ ವರ್ಗ, ತುಟಿಗೆ ಬಂದರೆ ಪ ವರ್ಗ. ಒಳಗಿನಿಂದ ಹೊರಕ್ಕೆ ಉಸಿರು ನಡೆದು ಬರುವ ದಾರಿಯಲ್ಲಿ ಮೈಲಿಗಲ್ಲು ನೆಟ್ಟಂತೆ ನಮ್ಮ ಹಿರಿಯರು ಅಕ್ಷರ ಜೋಡಿಸಿದ್ದಾರೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಉಸಿರನ್ನೂ ಅಳೆದಿದ್ದಾರೆ. ಇಂಗ್ಲಿಷ್, ಜರ್ಮನ್ ಮಾತಿನ 'ಟೀ' ನಮ್ಮ ತ ಮತ್ತು ಟಗಳ ನಡುವೆಲ್ಲೋ ಬೀಳುತ್ತದೆ, ಜೊತೆಗೆ ಮಹಾಪ್ರಾಣದ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಆ ಮಕ್ಕಳು ಬಿಡಲು ವರ್ಷಗಟ್ಟಲೆ ಹೆಣಗುವ ಗಾಳಿ ನಮ್ಮ 'ತ'ದಲ್ಲಿ ಮೊದಲಿಂದಲೇ ಇಲ್ಲ. ನಾಗಸ್ವರದವರೂ ಕೊಳಲಿನವರೂ 'ತುತ್ತುಕಾರ' ಎಂದು ನಾಲಿಗೆಯ ಕೆಲಸಕ್ಕೆ ಹೆಸರಿಟ್ಟಿರುವುದು ಈ ತಕಾರವನ್ನೇ ಹಿಡಿದು. ನಮ್ಮಲ್ಲಿ ಹಾರ್ನ್ ಕಲಿಯುವ ಮಕ್ಕಳು ಎಣಿಕೆಯಷ್ಟೂ ಇರಲಿಕ್ಕಿಲ್ಲ. ಆದರೆ ಕಲಿಯಲು ಹೊರಟ ಮಗುವಿಗೆ ಪರಭಾಷೆಯ 'ಟೂ' ಹೇಳಿಕೊಡದೆ ತನ್ನ ಬಾಯಲ್ಲಿರುವ ತ, ದ, ಲಗಳಿಂದಲೇ ಶುರುಮಾಡಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬಾಯಿಯ ಒಳಗನ್ನು ಯಾರೂ ನೋಡಲಾರರು ಎಂಬುದು ಈ ವಿದ್ಯೆಯ ಹಳೆಯ ಸಂಕಟ. ಪಿಟೀಲಿನ ಕಮಾನು, ಮೃದಂಗದ ಬೆರಳು ಕಣ್ಣಿಗೆ ಕಾಣುತ್ತವೆ. ಹಾರ್ನ್ ಗುರು ಮಾತ್ರ ಮುಚ್ಚಿದ ಕೋಣೆಯ ಹೊರಗೆ ನಿಂತು ಒಳಗಿರುವವರಿಗೆ ದಾರಿ ಹೇಳಬೇಕು. ಷಿಕಾಗೊ ಸಿಂಫನಿಯಲ್ಲಿ ಮುಖ್ಯ ಹಾರ್ನ್ ವಾದಕರಾಗಿದ್ದ ಫಿಲಿಪ್ ಫಾರ್ಕಸ್ 1956ರಲ್ಲಿ ಹಾರ್ನ್ ಕಲೆಯ ಬಗ್ಗೆ ಬರೆದ ಪುಸ್ತಕ ಇಂದಿಗೂ ವಿದ್ಯಾರ್ಥಿಗಳ ಚೀಲದಲ್ಲಿರುತ್ತದೆ. 1970ರಲ್ಲಿ ಅವರು 40 ನುರಿತ ವಾದಕರ ತುಟಿಗಳ ಫೋಟೋ ತೆಗೆಸಿ ಇನ್ನೊಂದು ಪುಸ್ತಕ ಮಾಡಿದರು. ಆದರೂ ಕ್ಯಾಮೆರಾ ತುಟಿಯ ಬಾಗಿಲಲ್ಲೇ ನಿಂತಿತ್ತು.

ಒಳಗಿನ ಓಡಾಟ ಸ್ಪಷ್ಟವಾಗಿ ಕಂಡದ್ದು ಈ ಶತಮಾನದಲ್ಲಿ. ಮೇಷ್ಟ್ರು ಒಂದು ದಿನ ಟ್ಯಾಬ್ಲೆಟ್ ತೆರೆದು ನಮ್ಮಿಬ್ಬರನ್ನೂ ಹತ್ತಿರ ಕರೆದರು. ಜರ್ಮನಿಯ ಗಾಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಯೆನ್ಸ್ ಫ್ರಾಮ್ ಅವರ ತಂಡ ಎಂಆರ್‌ಐ ಯಂತ್ರದಿಂದ ಓಡುವ ಚಿತ್ರ ತೆಗೆಯುವ ವಿಧಾನ ಕಂಡುಕೊಂಡಿತ್ತು. ತಾವೇ ಹಾರ್ನ್ ನುಡಿಸುವ ಅಮೆರಿಕದ ಪ್ರಾಧ್ಯಾಪಕ ಪೀಟರ್ ಇಲ್ಟಿಸ್ ಅಲ್ಲಿಗೆ ವಾದಕರನ್ನು ಕರೆತಂದರು. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಸಾರಾ ವಿಲ್ಲಿಸ್ ಆ ಯಂತ್ರದ ಸುರಂಗದೊಳಗೆ ಅಂಗಾತ ಮಲಗಿ ಹಾರ್ನ್ ಊದಿದರು. 2001ರಲ್ಲಿ ಆ ವಾದ್ಯವೃಂದದ ಹಿತ್ತಾಳೆ ವಾದ್ಯಗಳ ಸಾಲಿಗೆ ಸೇರಿದ ಮೊದಲ ಹೆಣ್ಣುಮಗಳು ಅವರು. ಎಂಆರ್‌ಐ ಎಂದರೆ ಭಾರಿ ಅಯಸ್ಕಾಂತ. ಆದ್ದರಿಂದ ಅದಕ್ಕೆ ಅಂಟದ ವಸ್ತುಗಳಿಂದಲೇ ಮಾಡಿದ ಹಾರ್ನ್ ಬೇಕಾಗಿತ್ತು.

ಪರದೆಯ ಮೇಲೆ ಕಪ್ಪು ಬೂದು ಬಣ್ಣದಲ್ಲಿ ತಲೆಯ ಅಡ್ಡಸೀಳು. ಮೂಗು, ಹಲ್ಲು, ಬೆನ್ನುಹುರಿಯ ನೆರಳು. ಬಾಯಿಯ ತುಂಬ ನಾಲಿಗೆ. ನಾವು ಕನ್ನಡಿಯಲ್ಲಿ ಚಾಚಿ ನೋಡುವುದು ಅದರ ತುದಿಯನ್ನು ಮಾತ್ರ. ಉಳಿದದ್ದು ಗಂಟಲಿನ ತನಕ ಹರಡಿಕೊಂಡ ದೊಡ್ಡ ಮಾಂಸದ ಮುದ್ದೆ, ಮಡುವಿನಲ್ಲಿ ಮಲಗಿದ ಮೀನಿನ ಹಾಗೆ. ತಗ್ಗಿನ ಸ್ವರಕ್ಕೆ ಅದು ತಳಕ್ಕೆ ಇಳಿದು ಬಾಯಿ ಗವಿಯಂತಾಯಿತು. ಸ್ವರ ಏರುತ್ತಾ ಹೋದಂತೆ ನಾಲಿಗೆಯ ಬೆನ್ನೂ ಏರಿ ಅಂಗುಳದ ಹತ್ತಿರಕ್ಕೆ ಬಂತು, ನಾವು 'ಆ' ಅಂದು 'ಈ'ಗೆ ಜಾರಿದರೆ ಆಗುವಂತೆ. ಮತ್ತೆ ಸ್ವರಗಳನ್ನು ಬಿಡಿಸಿ ಬಿಡಿಸಿ ಊದಿದಾಗ ತುದಿ ಮಾತ್ರ ಹಲ್ಲಿನ ಹಿಂದೆ ಮುಟ್ಟಿ ಬಂತು. ಇಡೀ ಮುದ್ದೆ ಅಲುಗಲಿಲ್ಲ. ಎಷ್ಟು ಕಡಿಮೆ ಚಲನೆ! ಹುಡುಗಿ ತನ್ನ ಬಾಯಿ ಮುಚ್ಚಿಕೊಂಡು ಒಳಗೊಳಗೇ ನಾಲಿಗೆ ಆಡಿಸಿ ನೋಡುತ್ತಿದ್ದಳು, ಕೆನ್ನೆ ಮಿಸುಕುತ್ತಿತ್ತು. ತುಟಿ ಬಾಯಿಯ ಸ್ನಾಯುಗಳು ವಾದಕರ ಹಿಡಿತ ಮೀರಿ ಹೋಗುವ ಡಿಸ್ಟೋನಿಯಾ ಎಂಬ ತೊಂದರೆಯನ್ನು ಅರಿಯಲಿಕ್ಕೂ ಈ ಚಿತ್ರಗಳು ನೆರವಾಗುತ್ತಿವೆ. ಆ ತೊಂದರೆ ಬಂದು ಜೀವಮಾನದ ವೃತ್ತಿ ಬಿಟ್ಟವರಿದ್ದಾರೆ.

ಫೆಬ್ರವರಿಯಲ್ಲಿ ಹುಡುಗಿಯ ಸ್ಟ್ಯಾಂಡಿನ ಮೇಲೆ ಮೊಟ್ಸಾರ್ಟ್ ಬಂದ. ವಿಯೆನ್ನಾದಲ್ಲೇ, ತನ್ನ ಗೆಳೆಯ ಯೋಸೆಫ್ ಲೊಯ್ಟ್‌ಗೆಬ್ ಎಂಬ ಹಾರ್ನ್ ವಾದಕನಿಗಾಗಿ ಅವನು ಬರೆದ ಕಾನ್ಚೆರ್ಟೊಗಳಲ್ಲೊಂದು, 1786ರದ್ದು. ಅದರ ಹಸ್ತಪ್ರತಿಯನ್ನು ಅವನು ಕಪ್ಪು, ಕೆಂಪು, ನೀಲಿ, ಹಸಿರು ಮಸಿಗಳಲ್ಲಿ ಬರೆದಿದ್ದಾನೆ. ಕೊನೆಯ ಭಾಗ ಬೇಟೆಯ ಕುದುರೆ ಓಟ. ಒಂದೇ ಸ್ವರ ಸಾಲಾಗಿ ಚಿಮ್ಮಿ ಬರಬೇಕು. ಹುಡುಗಿ ಬಿಡಿಸಿ ಊದಲು ಹೋಗಿ ಪ್ರತಿ ಸ್ವರವನ್ನೂ ಕತ್ತರಿಸಿದಳು: ತುತ್, ತುತ್, ತುತ್. ಮೇಷ್ಟ್ರು ಎದ್ದು ಬಂದರು. ಇದು ಅವರು ಸಹಿಸದ ತಪ್ಪು. ಕೊನೆಯಲ್ಲಿ ನಾಲಿಗೆಯನ್ನು ಮತ್ತೆ ಬಾಗಿಲಿಗಿಟ್ಟು ಸ್ವರವನ್ನು ಹಿಸುಕಬಾರದು. ಗಿಡ್ಡ ಸ್ವರಕ್ಕೂ ಗಂಟೆಯ ನಾದದಂತೆ ಬಾಲ ಇರಬೇಕು. 'ತು' ಎಂದು ಬಿಟ್ಟುಬಿಡು, ಉಳಿದದ್ದನ್ನು ಕೋಣೆ ಮುಗಿಸುತ್ತದೆ ಅಂದರು. ಹಾರ್ನ್‌ನ ಬಾಯಿ ಹಿಂದಕ್ಕಿರುವುದರಿಂದ ಅದರ ನಾದ ಹಿಂದಿನ ಗೋಡೆಗೆ ಬಡಿದು ಕೇಳುವವರನ್ನು ತಲುಪುತ್ತದೆ. ದಾರಿಯಲ್ಲಿ ಅಂಚು ಸವೆದು ಮೆತ್ತಗಾಗುತ್ತದೆ. ಹಾಗಾಗಿ ತನ್ನ ಕಿವಿಗೆ ತುಸು ಹೆಚ್ಚೇ ಸ್ಪಷ್ಟವೆನ್ನಿಸುವಂತೆ ಊದಿದರೆ ಮಾತ್ರ ದೂರದ ಸಾಲಿಗೆ ಸರಿಯಾಗಿ ಕೇಳುತ್ತದೆ. ಒತ್ತು ಬೇಕಾದಲ್ಲಿ ಉಸಿರು ಹೆಚ್ಚಿಸಬೇಕು, ನಾಲಿಗೆ ಬಿರುಸಾಗಬಾರದು.

ವೇಗ ಹೆಚ್ಚಾದಾಗ ಏನು ಮಾಡುವುದು? ನಾಲಿಗೆ ತುದಿಯೊಂದನ್ನೇ ಸೆಕೆಂಡಿಗೆ ಎಂಟು ಹತ್ತು ಸಲಕ್ಕಿಂತ ಹೆಚ್ಚು ಆಡಿಸುವುದು ಹೆಚ್ಚಿನವರಿಗೆ ಆಗದ ಕೆಲಸ. ಆಗ ತುದಿಗೆ ಜೊತೆಯಾಗಿ ನಾಲಿಗೆಯ ಹಿಂಭಾಗವನ್ನೂ ಕರೆಯುತ್ತಾರೆ. ತುದಿ 'ತ' ಎಂದು ಸರಿಯುತ್ತದೆ, ಅದು ಮರಳುವಷ್ಟರಲ್ಲಿ ಹಿಂಭಾಗ ಅಂಗುಳಕ್ಕೆ ತಾಗಿ 'ಕ' ಎಂದು ಸರಿಯುತ್ತದೆ. ತ, ಕ, ತ, ಕ. ಮೂರರ ಗತಿಗೆ ತ-ತ-ಕ, ಇಲ್ಲವೇ ತ-ಕ-ತ. ಹುಡುಗಿಯ ಕಕಾರ ಬಡವಾಗಿತ್ತು. ಕುಂಟನ ಹೆಜ್ಜೆಯಂತೆ ಒಂದು ಬಲ, ಒಂದು ಸೋಲು. ಮೇಷ್ಟ್ರು ಬರೀ ಕಕಾರದಲ್ಲಿ ಒಂದು ಪುಟ ಊದಿಸಿದರು.

ನನಗೆ ಸುಮ್ಮನಿರಲಾಗಲಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗದ ಪಾಠಕ್ಕೆ ಹೋಗಿದ್ದೆ. ತೊಡೆಯ ಮೇಲೆ ತಾಳ ಹಾಕಿ ತಕ ತಕ, ತಕಿಟ ತಕಿಟ, ತಕದಿಮಿ ತಕದಿಮಿ ಎಂದು ಹೇಳಿದೆ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಹುಡುಗಿ ಮೊದಲು ನಕ್ಕಳು, ಆಮೇಲೆ ನನ್ನ ಬಾಯನ್ನೇ ನೋಡುತ್ತಾ ಜೊತೆಗೆ ಹೇಳತೊಡಗಿದಳು. ತಕಿಟದ 'ಕಿ'ಯಲ್ಲಿ ಕಕಾರ ಮುಂದಕ್ಕೆ, ಅಂಗುಳದ ನಡುವಿಗೆ ಬರುತ್ತದೆ. ತುದಿಗೂ ಹಿಂಭಾಗಕ್ಕೂ ನಡುವಿನ ದೂರ ಕಡಿಮೆಯಾಗುತ್ತದೆ. ಹಾರ್ನ್ ಎತ್ತಿಕೊಂಡು ಅವಳು ಅದನ್ನೇ ಊದಿದಳು. ಪೂರ್ತಿ ಸರಿಯಾಗಲಿಲ್ಲ, ಆದರೆ ಕುಂಟು ಅರ್ಧ ಹೋಯಿತು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಮೆಟ್ಟಿಲ ಮೇಲಿಂದಲೇ "ತಕಿಟ!" ಎಂದು ಕೂಗುತ್ತಿದ್ದಳು. ಅದೇ ನನ್ನ ಹೆಸರಾಯಿತು.

ನಾಲಿಗೆಯನ್ನು ರ್‌ರ್‌ರ್ ಎಂದು ನಡುಗಿಸಿ ಊದುವ ಇನ್ನೊಂದು ಬಗೆಯಿದೆ. ರಿಚರ್ಡ್ ಸ್ಟ್ರಾಸ್ ತನ್ನ 'ಡಾನ್ ಕಿಹೋಟೆ'ಯಲ್ಲಿ ಕುರಿಮಂದೆಯ ಅರಚನ್ನು ಹಿತ್ತಾಳೆ ವಾದ್ಯಗಳಿಂದ ಹೀಗೇ ಹೊರಡಿಸಿದ್ದಾನೆ. ರಕಾರವನ್ನು ನಾಲಿಗೆ ತುದಿಯಲ್ಲೇ ಆಡುವ ನಮಗೆ ಅದು ಕಷ್ಟವೇ ಅಲ್ಲ.

ಹಲ್ಲಿನ ಮಾತು ಬಂದಾಗ ಮೇಷ್ಟ್ರು ಜಿಯೊವಾನಿ ಪುಂಟೊನ ಕಥೆ ಹೇಳಿದರು. ಬೊಹೀಮಿಯಾದಲ್ಲಿ ಹುಟ್ಟಿದ ಅವನ ನಿಜ ಹೆಸರು ಯಾನ್ ವಾಟ್ಸ್ಲಾವ್ ಸ್ಟಿಖ್. ಒಬ್ಬ ಜಮೀನ್ದಾರನ ಜೀತದಲ್ಲಿದ್ದು, ಅವನ ಖರ್ಚಿನಲ್ಲೇ ಹಾರ್ನ್ ಕಲಿತು, ಒಂದು ದಿನ ತಪ್ಪಿಸಿಕೊಂಡು ಹೋದ. ಅವನನ್ನು ಹಿಡಿದು ಮುಂದಿನ ಹಲ್ಲುಗಳನ್ನು ಉದುರಿಸಿ ಬನ್ನಿ ಎಂದು ಜಮೀನ್ದಾರ ಆಳುಗಳನ್ನು ಅಟ್ಟಿದನಂತೆ. ಹಲ್ಲು ಹೋದರೆ ನಾಲಿಗೆ ಮುಟ್ಟುವ ಜಾಗವೇ ಹೋಯಿತು, ಮೌತ್‌ಪೀಸ್ ಒರಗುವ ಗೋಡೆಯೂ ಹೋಯಿತು. ಸ್ಟಿಖ್ ಸಿಗಲಿಲ್ಲ, ಇಟಾಲಿಯನ್ ಹೆಸರಿಟ್ಟುಕೊಂಡು ಯುರೋಪ್ ಸುತ್ತಿದ. 1800ರ ಏಪ್ರಿಲ್ 18ರಂದು ಇದೇ ವಿಯೆನ್ನಾದಲ್ಲಿ ಬೇಥೋವನ್ ಅವನಿಗಾಗಿ ಹಾರ್ನ್ ಸೊನಾಟಾ ಬರೆದು, ತಾನೇ ಪಿಯಾನೊಗೆ ಕೂತು ಜೊತೆಗೆ ನುಡಿಸಿದ.

ನಾನು ಹೊರಡುವ ಹಿಂದಿನ ಸಂಜೆ ಪಾಠ ಇರಲಿಲ್ಲ. ಮೇಷ್ಟ್ರು ತಮ್ಮದೇ ಹಾರ್ನ್ ಹೊರತೆಗೆದರು. ಏನು ಕೇಳುತ್ತೀರಿ ಅಂದರು. ನನ್ನ ಮನಸ್ಸಿನಲ್ಲಿ ಒಂದು ಇತ್ತು. ರಿಚರ್ಡ್ ಸ್ಟ್ರಾಸ್‌ನ ತಂದೆ ಫ್ರಾಂಟ್ಸ್ ಸ್ಟ್ರಾಸ್ ಮ್ಯೂನಿಕ್ ಆಸ್ಥಾನದ ಹಾರ್ನ್ ವಾದಕ. ಮಗ ತೊಟ್ಟಿಲಿನಿಂದಲೇ ಆ ನಾದ ಕೇಳಿ ಬೆಳೆದವನು. ಆ ಮಗ ತನ್ನ 84ನೇ ವಯಸ್ಸಿನಲ್ಲಿ, 1948ರ ಸೆಪ್ಟೆಂಬರಿನಲ್ಲಿ, 'ಸೆಪ್ಟೆಂಬರ್' ಎಂಬ ಹಾಡಿಗೆ ಸ್ವರ ಹಾಕಿದ. ಕವಿತೆ ಹರ್ಮನ್ ಹೆಸ್ಸೆಯದು. ನಮ್ಮ ಕಿಟ್ಟೆಲ್ ಬಂದ ಬಾಸೆಲ್ ಮಿಷನ್ನಿನಲ್ಲೇ ಇದ್ದು ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್‌ನ ಮೊಮ್ಮಗ ಈ ಹೆಸ್ಸೆ. ಹಾಡು ಮುಗಿದು ಹಾಡುಗಾರ್ತಿ ಸುಮ್ಮನಾದ ಮೇಲೆ ಹಾರ್ನ್ ಒಂಟಿಯಾಗಿ ಎದ್ದು ಮಾತನ್ನು ಮುಂದುವರಿಸಿ ಮುಗಿಸುತ್ತದೆ. ಮುಂದಿನ ವರ್ಷ ಸ್ಟ್ರಾಸ್ ತೀರಿಕೊಂಡ.

ಅದು ಸೇರಿದ 'ನಾಲ್ಕು ಕೊನೆಯ ಹಾಡುಗಳು' ಮೊದಲು ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಆ ವೃಂದದ ಮುಖ್ಯ ಹಾರ್ನ್ ವಾದಕ ಆಗ ಡೆನ್ನಿಸ್ ಬ್ರೈನ್. 36ನೇ ವಯಸ್ಸಿಗೇ ಕಾರು ಅಪಘಾತದಲ್ಲಿ ತೀರಿಕೊಂಡ, ಹಾರ್ನ್ ನುಡಿಸುವವರು ಇಂದಿಗೂ ಹೆಸರು ಹೇಳಿ ಕೈಮುಗಿಯುವ ಬ್ರೈನ್. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜರಾಗಿದ್ದ ನಮ್ಮ ಜಯಚಾಮರಾಜ ಒಡೆಯರು. ತಾವು ಹೋಗಲಾಗದಿದ್ದರೂ ಹಾಡುಗಳ ಧ್ವನಿಮುದ್ರಣ ಮೈಸೂರಿಗೆ ಬರುವಂತೆ ಏರ್ಪಾಡು ಮಾಡಿದ್ದರು. ಇದನ್ನು ನಾನು ಹೇಳಿದಾಗ ಮೇಷ್ಟ್ರು ಹಾರ್ನನ್ನು ಮಡಿಲಿಗಿಟ್ಟುಕೊಂಡು, "ಮೈಸೂರು ನಿಮ್ಮೂರಿಗೆ ಎಷ್ಟು ದೂರ?" ಎಂದು ಕೇಳಿದರು. ನೂರಿಪ್ಪತ್ತು ಕಿಲೋಮೀಟರ್ ಅಂದೆ.

ಅವರು ಎದ್ದು ನಿಂತು ಹಾಡಿನ ಕೊನೆಯನ್ನು ನುಡಿಸಿದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಮೊದಲ ಸ್ವರ ಯಾವಾಗ ಶುರುವಾಯಿತೋ ತಿಳಿಯಲಿಲ್ಲ. 'ದ' ಇರಬೇಕು, ಅಥವಾ 'ಲ'. ಸ್ವರದಿಂದ ಸ್ವರಕ್ಕೆ ಜಾರುವಾಗ ನಾಲಿಗೆ ಇತ್ತೋ ಇಲ್ಲವೋ. ಒಂದೇ ಉಸಿರು ಬಣ್ಣ ಬದಲಿಸುತ್ತಾ ಹೋದ ಹಾಗಿತ್ತು. ಎಲ್ಲೂ ಎಡವಲಿಲ್ಲ. ಕೊನೆಯ ಸ್ವರವನ್ನು ಅವರು ನಿಲ್ಲಿಸಲೂ ಇಲ್ಲ, ಉಸಿರು ಮುಗಿದಲ್ಲಿ ಅದೂ ಮುಗಿಯಿತು. ಪಕ್ಕದ ಮನೆಯಲ್ಲಿ ಕೂಸು ಮಲಗಿತ್ತು, ಏಳಲಿಲ್ಲ.

ಆ ಲಂಡನ್ ರಾತ್ರಿಯ ಧ್ವನಿಮುದ್ರಣ ಉಳಿದಿದೆ. ಗೀರು ಗೀರಾದ ಹಳೆಯ ಸದ್ದಿನ ನಡುವೆಯೂ ಕೇಳುತ್ತದೆ. ಹೊಸ ಮುದ್ರಣಗಳಂತೂ ಬೇಕಾದಷ್ಟು ಸಿಗುತ್ತವೆ. ಕೇಳಲು ಕೂತರೆ ಹಾಡು ಮುಗಿಯಿತೆಂದು ಏಳಬೇಡಿ, ಹಾರ್ನ್ ಬರುವ ತನಕ ಇರಿ.